ಅಪ್ಪನ ಕೈ

"ಇದು ನಮ್ಮಪ್ಪನ ಕೈ ಅಲ್ಲ ಕಣೋ! ಯಾರ ಕೈ ತಂದು ಅಂಟಿಸಿದ್ದೀಯ?" ಎಂದು ಕೂಗಿದೆ.

ಅಪ್ಪನ ವೈಕುಂಠ ಸಮಾರಾಧನೆಗೆಂದು ತಮ್ಮ ಚಲಪತಿ ಸ್ಟುಡಿಯೋದಲ್ಲಿ ಹೊಸ ಫೋಟೊ ಮಾಡಿಸಿದ್ದ. ಅದರಲ್ಲಿ ಅಪ್ಪ ನುಣುಪಾದ ಕೈ ಮುಗಿದು ಕೂತಿದ್ದರು.

"ಕೂಗಬೇಡಣ್ಣ, ಬೀಗರು ಬರ್ತಾರೆ. ಆ ಬಿರುಕು ಬೆರಳು ನೋಡಿದ್ರೆ ಏನಂದ್ಕೋತಾರೆ?"

"ರೇಷ್ಮೆಗೂಡು ಬೇಯಿಸಿ ಕಿರಿಮಗನ್ನ ಮೇಷ್ಟ್ರು ಮಾಡ್ದ ಅಂದ್ಕೋತಾರೆ!"

ಶಿಡ್ಲಘಟ್ಟದಲ್ಲಿ ನಲವತ್ತು ವರ್ಷ ಬಿಸಿನೀರಿಗೆ ಕೈ ಅದ್ದಿ ನೂಲು ತೆಗೆದವರು ನಮ್ಮಪ್ಪ. ಹುಳು ಸಾಯಿಸುವ ಕಸುಬೆಂಬ ಅಳುಕಿತ್ತು. ದಿನಾ ಒಲೆ ಹಚ್ಚುವ ಮೊದಲು ವೆಂಕಟರಮಣನ ಪಟದ ಮುಂದೆ ಎರಡೂ ಅಂಗೈ ಚಾಚಿ, "ಇವೇ ನನ್ನ ಕೈ, ನೋಡ್ಕೊ ಸ್ವಾಮಿ" ಎನ್ನುತ್ತಿದ್ದರು.

"ದೇವ್ರಿಗೆ ತೋರಿಸಿದ ಕೈನ ಬೀಗರಿಗೆ ಯಾಕೋ ಮುಚ್ಚಿಡ್ತೀಯ?"

"ಇದು ನನ್ನ ಮನೆ. ನಾನು ಇಟ್ಟಿದ್ದೇ ಫೋಟೊ."

"ಹಂಗಾದ್ರೆ ಆ ಸ್ಟುಡಿಯೋ ಕೈಗೇ ಎಡೆ ಇಡಪ್ಪ."

ಪುರೋಹಿತರು ಹಿರಿಮಗನನ್ನು ಕರೆಯುತ್ತಲೇ ಇದ್ದರು. ನಾನು ಗೋಡೆಯ ಮೇಲಿದ್ದ ಅಪ್ಪನ ಹಳೇ ಫೋಟೊ ಬಿಚ್ಚಿ, ಕಂಕುಳಲ್ಲಿ ಇರಿಸಿಕೊಂಡು ಹೊಸ್ತಿಲು ದಾಟಿದೆ. ಆಮೇಲೆ ಆ ಮನೆಗೆ ಕಾಲಿಟ್ಟಿಲ್ಲ.