ಬದಲಿ ಕೊಟ್ಟು ಏಳತಕ್ಕದ್ದು

ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಮಲಕಾಜಪ್ಪನ ಮನೆಯಲ್ಲಿ ಪುತಳಾಬಾಯಿ ಕೂಸು ಆಡಿಸುವ ಕೆಲಸಕ್ಕಿದ್ದಳು. ಒಂಬತ್ತು ತಿಂಗಳ ಆ ಕೂಸಿಗೆ ಅಳುವುದೊಂದೇ ಉದ್ಯೋಗ. ಅವಳ ತೊಡೆ ಸಿಕ್ಕರೆ ಮಾತ್ರ ಸಿಂಹಾಸನ ಏರಿದ ರಾಜಕುಮಾರ. ಅವಳ ಸ್ವಂತ ಮಗಳು ಜನಾ, ಎರಡು ವರ್ಷದವಳು, ತಡವಳದಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಳು.

"ಸಾವಕಾರ್ರ, ಐತವಾರಕ್ಕೊಮ್ಮಿ ರಜಾ ಕೊಡ್ರಿ. ಪಗಾರ ಕಟ್ ಮಾಡಬ್ಯಾಡ್ರಿ. ಹೋದ ಸಲ ನನ್ನ ಮಗಳು ನನ್ನ ನೋಡಿ, 'ಯಾರೋ ಬಾಯಿ ಬಂದಾಳ' ಅಂದ್ಳರಿ."

ಮಲಕಾಜಪ್ಪ ಅರಿವೆ ಗಿರಣಿಗಳಿಗೆ ಓಡಾಡಿದವನು. ಅಲ್ಲಿ ರಜೆ ಹಾಕಿದವನ ಜಾಗಕ್ಕೆ ಬದಲಿ ಕೆಲಸಗಾರ ಬರುತ್ತಾನೆ, ಮಗ್ಗ ನಿಲ್ಲುವುದಿಲ್ಲ. ಆ ಕಾಯ್ದೆಯನ್ನೇ ಮನೆಗೆ ತಂದ.

"ಬದಲಿ ಕೊಟ್ಟ ಹೋಗು. ಒಂದ ಪೈಸಾ ಕಟ್ ಇಲ್ಲ."

ಅಷ್ಟಕ್ಕೆ ಸುಮ್ಮನಾಗದೆ ಚೀಟಿ ಬರೆದ: "ಈ ಕೂಸು ಪುತಳಾಬಾಯಿ, ಮುಕ್ಕಾಂ ತಡವಳ, ಇವಳ ತಾಬೆಯಲ್ಲಿದೆ. ಹಿಡಿದವರು ಇವಳ ಬದಲಿ. ಇನ್ನೊಬ್ಬ ಬದಲಿಯನ್ನು ಕೊಡದೆ ಏಳತಕ್ಕದ್ದಲ್ಲ." ಅಂಗಡಿಯ ಶಿಕ್ಕಾ ಒತ್ತಿ, ಕೂಸಿನ ಕುಂಚಿಗೆಗೇ ಹೊಲಿಸಿಬಿಟ್ಟ.

ರವಿವಾರ ಬೆಳಿಗ್ಗೆ ಪುತಳಾಬಾಯಿ ಕೂಸನ್ನು ಅದರ ತಾಯಿ ರತ್ನಾಬಾಯಿಯ ಕೈಗಿಟ್ಟಳು. "ಇವತ್ತ ನೀವ ಬದಲಿರಿ, ಬಾಯಾರ."

"ನನ್ನ ಕೂಸಿಗೆ ನಾನ ಬದಲಿ!" ಎಂದು ರತ್ನಾಬಾಯಿ ನಕ್ಕಳು. ಒಂದು ತಾಸಿನಲ್ಲಿ ನಗು ಬತ್ತಿತು. ಕೂಸನ್ನು ಅಂಗಡಿಗೆ ಒಯ್ದು ಗಂಡನ ಗಾದಿಯ ಮೇಲಿಟ್ಟಳು. ಅದು ಪಾಪ್ಲಿನ್ ತಾನಿನ ಮೇಲೆ ಉಚ್ಚೆ ಹೊಯ್ದಿತು. ಮಲಕಾಜಪ್ಪ ಅದನ್ನು ಗುಮಾಸ್ತ ಗೊಲ್ಲಾಳಪ್ಪನಿಗೆ ದಾಟಿಸಿ ಊಟಕ್ಕೆ ಹೋದ. ಗೊಲ್ಲಾಳಪ್ಪನಿಗೆ ಅರಿವೆ ಅಳೆಯಲು ಎರಡೂ ಕೈ ಬೇಕು. ಧೋತರ ಕೊಳ್ಳಲು ಬಂದಿದ್ದ ಅಕ್ಕಲಕೋಟೆಯ ಬೀರಣ್ಣನ ಮಡಿಲಲ್ಲಿ ಕೂಸನ್ನಿಟ್ಟು, ಮೇಲಿನ ಹಲಗೆಯಿಂದ ಅರಿವೆಯ ತಾನು ಇಳಿಸಲು ಏಣಿ ಹತ್ತಿದ.

ಬೀರಣ್ಣ ಚೀಟಿ ಓದಿದ. ಬಸ್ಸಿನ ಹೊತ್ತಾಗಿತ್ತು. ಗೊಲ್ಲಾಳಪ್ಪ ಏಣಿಯಿಂದ ಇಳಿಯಲೊಲ್ಲ, ಬೇರೆ ತೆಗೆದುಕೊಳ್ಳುವವರಿಲ್ಲ, ಬಿಟ್ಟು ಏಳಲು ಶಿಕ್ಕೆಯ ಅಡ್ಡಿ. ಎದೆಗವಚಿಕೊಂಡೇ ಬಸ್ಸು ಹತ್ತಿದ.

"ಕೂಸಿಗೆ ತಿಕೀಟ ಇಲ್ಲ," ಎಂದ ಕಂಡಕ್ಟರ್, ಚೀಟಿಯನ್ನು ಎರಡು ಸಲ ಓದಿ. "ಬದಲಿಗೆ ಮಾತ್ರ ಪೂರಾ ತಿಕೀಟ."

"ಅಣ್ಣಾ, ನೀನ ಹಿಡಕೋ."

"ಸರಕಾರಿ ನೌಕರಿಗೆ ಬದಲಿ ನಡ್ಯಾಂಗಿಲ್ಲ. ಮನಿಗೆ ಒಯ್ಯೋ."

"ಒಯ್ದರ ನಮ್ಮಾಕಿ ಇದು ಯಾರದಂತ ಕೇಳಂಗಿಲ್ಲೇನು?"

ಅಕ್ಕಲಕೋಟೆಯಲ್ಲಿ ಅವನು ಮನೆಯ ಕಡೆ ತಿರುಗಿಯೂ ನೋಡದೆ ತಡವಳದ ಬಸ್ಸು ಹತ್ತಿದ.

ತಡವಳದಲ್ಲಿ ಪುತಳಾಬಾಯಿ ಬೆಳಗಿನಿಂದ ಬೆಲ್ಲ ಹಿಡಿದು ಕರೆಯುತ್ತಿದ್ದಳು. ಜನಾ ಅಜ್ಜಿಯ ಸೆರಗಿನ ಹಿಂದಿನಿಂದ ಈಚೆಗೆ ಬಂದಿರಲಿಲ್ಲ. ಆಗ ಬೀರಣ್ಣ ಬಾಗಿಲಲ್ಲಿ ನಿಂತ.

"ಪುತಳಾಬಾಯಿ ನೀನ ಏನವಾ? ತಗೋ, ನನ್ನ ಬದಲಿ ನೀನು!"

ತನ್ನ ರಜೆಗೆ ತಾನೇ ಬದಲಿ! ಬೇಡವೆನ್ನುವ ಮೊದಲೇ ರೂಢಿಯ ತೋಳು ಚಾಚಿತ್ತು. ಕೂಸು ತೊಡೆಯೇರಿ, ಅಳು ನಿಲ್ಲಿಸಿ, ಕಿಸಕ್ಕನೆ ನಕ್ಕಿತು.

ಸೆರಗಿನ ಹಿಂದಿನಿಂದ ಜನಾ ಬಿರುಗಾಳಿಯಂತೆ ಬಂದಳು. ಕೂಸಿನ ಕಾಲು ಹಿಡಿದು ಎಳೆದಳು. "ಇಳಿ! ನನ್ನವ್ವ! ನನ್ನವ್ವನ ತೊಡಿ ಅದು!"

ಪುತಳಾಬಾಯಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದಳು.

ಸಂಜೆ, ಚೀಟಿಯಲ್ಲಿ ತಾನೇ ಬರೆದ ಮುಕ್ಕಾಂ ನೆನೆದು, ಮಲಕಾಜಪ್ಪ ಬಾಡಿಗೆ ಕಾರಿನಿಂದ ಧೂಳು ಮೆತ್ತಿಕೊಂಡು ಇಳಿದ. ಕೂಸನ್ನು ಕಂಡು ಉಸಿರು ಬಂತು. ಉಸಿರಿನ ಹಿಂದೆ ಸಿಟ್ಟೂ ಬಂತು.

"ನಡಿ, ಕಾರ ಹತ್ತು!"

"ಇವತ್ತ ರಜಾ ಅದರಿ," ಎಂದು ಅವಳು ಕೂಸನ್ನು ಅವನ ತೋಳಿಗಿಟ್ಟಳು. "ನಾಳಿ ಮೊದಲನೇ ಬಸ್ಸಿಗೆ ಬರ್ತೀನಿ. ಇನ್ನ ಮುಂದ ಪ್ರತಿ ಐತವಾರ ಇಲ್ಲಿರ್ತೀನಿ. ಪಗಾರ ಪೂರಾ ಬೇಕು."

"ಮತ್ತ ಬದಲಿ?"

"ರಜಾ ಅಂದ್ರ ರಜಾರಿ, ಸಾವಕಾರ್ರ. ನಿಮ್ಮ ಕೂಸು, ನೀವ ನೋಡ್ರಿ."

ಕೂಸು ಅವನ ಕಿವಿಯಲ್ಲೇ ಕಿರುಚಿತು. ಕಾಯ್ದೆಯ ಯಾವ ಕಲಮೂ ಮಲಕಾಜಪ್ಪನ ನೆನಪಿಗೆ ಬರಲಿಲ್ಲ. "ಆತವಾ, ಆತು. ಪೂರಾ ಪಗಾರ," ಎಂದು ಕಾರು ಹತ್ತಿದ.

ಜನಾ ಅಷ್ಟರಲ್ಲೇ ಖಾಲಿಯಾದ ತೊಡೆಯ ಮೇಲೆ ಕಾಲು ಮಡಚಿ ಕುಳಿತಿದ್ದಳು. ಸಾವಕಾರ ಮನಸ್ಸು ಬದಲಿಸಿ ಮತ್ತೆ ಬಂದಾನೆಂದು, ಕಾರಿನ ಧೂಳು ಅಡಗುವ ತನಕ ರಸ್ತೆಯನ್ನೇ ಕಾವಲು ಕಾದಳು.