ಒಂದು ಸಾಲಿನ ಕೂರಿಗೆ

ಮೂವತ್ತು ವರ್ಷ ಟ್ರ್ಯಾಕ್ಟರ್ ರಿಪೇರಿ ಮಾಡಿ, ಸೊಂಟ ಕೈಕೊಟ್ಟ ಮೇಲೆ ನಾನು ಶೆಡ್ಡಿಗೆ ಬೀಗ ಹಾಕಿ ಪುಟಾಣಿ ಟ್ರ್ಯಾಕ್ಟರ್ ಮಾಡುವ ಕೆಲಸ ಹಿಡಿದೆ. ಅದನ್ನು ಆಟಿಕೆ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆಟಿಕೆಯಲ್ಲಿ ಚಕ್ರ ತಿರುಗಿದರೆ ಸಾಕು. ನನ್ನದರಲ್ಲಿ ನಿಜವಾದ ಗಾಡಿಯ ಪ್ರತಿ ಹದಿನಾರು ಅಂಗುಲಕ್ಕೆ ಸರಿಯಾಗಿ ಒಂದು ಅಂಗುಲ. ಹದಿನೈದೂವರೆಯಲ್ಲ, ಹದಿನಾರು. ಡೀಸೆಲ್ ಟ್ಯಾಂಕಿನ ಮುಚ್ಚಳದ ಗೀರುಗಳನ್ನೂ ಎಣಿಸಿ ಹಾಕುತ್ತೇನೆ. ಅಷ್ಟೆಲ್ಲ ಯಾರು ನೋಡುತ್ತಾರೆ ಎಂದು ಹೆಂಡತಿ ಕೇಳುತ್ತಾಳೆ. ನಾನು ನೋಡುತ್ತೇನಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಅಕ್ಕನ ಮಗಳು ಬಂದಳು. ವಯಸ್ಸು ಮೂವತ್ತೆರಡಾದರೂ ಮನೆಯಲ್ಲಿ ಎಲ್ಲರಿಗೂ ಅವಳು ಪುಟ್ಟಿಯೇ. ಬಂದವಳು ನೀರು ಕೂಡ ಕುಡಿಯದೆ ನನ್ನ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು, ತನ್ನ ಟ್ರ್ಯಾಕ್ಟರನ್ನೂ ಅದರ ಹಿಂದೆ ಕಟ್ಟುವ ಹೊಸ ಕೂರಿಗೆಯನ್ನೂ ಪುಟ್ಟದಾಗಿ ಮಾಡಿಕೊಡಬೇಕು, ಬಿತ್ತನೆಗೆ ಇನ್ನು ಮೂರೂವರೆ ವಾರ ಮಾತ್ರ ಇದೆ ಎಂದಳು. ಯಾರಿಗೆ ಎಂದು ಕೇಳಿದೆ. ಅಪ್ಪನಿಗೆ ಎಂದಳು.

ಅವಳ ಅಪ್ಪನಿಗೆ, ಎಂದರೆ ನನ್ನ ಭಾವನಿಗೆ, ಕಣ್ಣು ಹೋಗಿ ನಾಲ್ಕು ವರ್ಷ. ಆಗಿನಿಂದ ಹೊಲ ಪುಟ್ಟಿಯ ಕೈಗೆ ಬಂದಿತ್ತು. ಭಾವ ಉತ್ತರೆ ಸಾಲು ದಾರ ಹಿಡಿದು ಎಳೆದ ಹಾಗಿರುತ್ತಿತ್ತು. ಅಂಥವರ ಮಗಳು ಉಳುವುದನ್ನೇ ಬಿಟ್ಟಳು. ಕಟಾವಾದ ಗೋಧಿಯ ಕೂಳೆಯನ್ನೂ ಹುಲ್ಲನ್ನೂ ಹೊಲದ ಮೇಲೆಯೇ ಹೊದಿಸಿ ಬಿಟ್ಟು, ಅದನ್ನು ಸೀಳಿಕೊಂಡು ಹೋಗಿ ಮೆಕ್ಕೆಜೋಳ ಬಿತ್ತುವ ಕೂರಿಗೆ ತಂದಳು. ಮಣ್ಣಿನ ತೇವ ಉಳಿಯುತ್ತದೆ, ಡೀಸೆಲ್ ಉಳಿಯುತ್ತದೆ, ಎರೆಹುಳುವೂ ಉಳಿಯುತ್ತದೆ ಎಂಬುದು ಅವಳ ವಾದ. ಮನೆಯಲ್ಲಿ ಕೂತ ಭಾವನಿಗೆ ಕೇಳಿಸಿದ್ದೇ ಬೇರೆ. ನಾಲ್ಕು ಸಲ ಹೊಲ ಸುತ್ತಬೇಕಾದ ಟ್ರ್ಯಾಕ್ಟರ್ ಒಂದೇ ಸಲ ಹೋಗಿ ಬಂದು ತೆಪ್ಪಗೆ ನಿಲ್ಲುತ್ತಿತ್ತು. ಮಗಳು ಸೋಮಾರಿಯಾದಳು ಎಂದು ಅವರು ತೀರ್ಮಾನಿಸಿಬಿಟ್ಟರು. ಹೋದ ವರ್ಷ ಅಲ್ಲಲ್ಲಿ ಮೊಳಕೆ ಬರದೆ ಹೊಲ ಬೋಳುಬೋಳಾಗಿದ್ದೂ ಅವರ ಕಿವಿಗೆ ಬಿತ್ತು. ಯಾಕೆ ಹಾಗಾಯಿತೆಂದು ಪುಟ್ಟಿಗೂ ಗೊತ್ತಾಗಿರಲಿಲ್ಲ.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗಿತ್ತು ಅಪ್ಪ ಮಗಳ ಬೇಸಾಯ. ಈಗ ಭಾವ ಕಡೆಯ ಮಾತು ಹೇಳಿದ್ದರು. ಈ ಸಲ ಉತ್ತು ಬಿತ್ತಿದರೆ ಸರಿ, ಇಲ್ಲದಿದ್ದರೆ ಹೊಲ ಪಕ್ಕದವನಿಗೆ ಗುತ್ತಿಗೆಗೆ. ನಿಜವಾದ ಕೂರಿಗೆಯನ್ನೇ ಮುಟ್ಟಿಸಬಾರದೇ ಎಂದೆ. ಅಪ್ಪ ಕಣ್ಣು ಹೋದಮೇಲೆ ಅಂಗಳ ದಾಟಿಲ್ಲ, ಕೂರಿಗೆ ನಿಲ್ಲಿಸಿದ ಶೆಡ್ಡಿನತ್ತ ಕೈಹಿಡಿದು ಕರೆದರೆ ಕೈ ಕೊಡವಿಕೊಳ್ಳುತ್ತಾರೆ ಎಂದಳು.

"ಬಾಯಲ್ಲಿ ಹೇಳಿ ಹೇಳಿ ಸಾಕಾಯ್ತು ಮಾಮ. ಒಂದ್ಸಲ ಕೈಗೆ ಸಿಕ್ಕಿದ್ರೆ ಅಪ್ಪನಿಗೆ ಗೊತ್ತಾಗತ್ತೆ. ನನಗೆ ಆ ಹೊಲ ಬಿಟ್ರೆ ಬೇರೆ ಏನೂ ಗೊತ್ತಿಲ್ಲ."

ಅಳುವ ಹುಡುಗಿಯಲ್ಲ ಅವಳು. ಅವಳ ದನಿ ನಡುಗಿದ್ದಕ್ಕೇ ನಾನು ಅಳತೆಪಟ್ಟಿ ಕೈಗೆತ್ತಿಕೊಂಡೆ.

ಹದಿನೆಂಟು ದಿನ ಮೇಜು ಬಿಟ್ಟು ಏಳಲಿಲ್ಲ. ಹಿತ್ತಾಳೆ ತಗಡು ಕತ್ತರಿಸಿ, ಅರ ಹಿಡಿದು ತಿಕ್ಕಿ, ಬೆಸುಗೆ ಹಾಕಿ ಟ್ರ್ಯಾಕ್ಟರನ್ನೂ ಅದರ ಹಿಂದೆ ಎಂಟು ಸಾಲಿನ ಕೂರಿಗೆಯನ್ನೂ ನಿಲ್ಲಿಸಿದೆ. ಹುಲ್ಲು ಕತ್ತರಿಸುವ ತಟ್ಟೆಗಳು ನಾಣ್ಯದಷ್ಟು ಅಗಲ, ಬೀಜ ಇಳಿಯುವ ಕೊಳವೆಗಳು ದಬ್ಬಣದಷ್ಟು ದಪ್ಪ. ಬಣ್ಣ ಹೊಡೆದು ಕಿಟಕಿಯ ಬೆಳಕಿಗೆ ಹಿಡಿದಾಗ ಅದಕ್ಕೆ ನನ್ನ ದೃಷ್ಟಿಯೇ ತಾಗೀತು ಅನ್ನಿಸಿತು.

ಅದನ್ನು ಅಕ್ಕನ ಮನೆಗೆ ಒಯ್ದಾಗ ಅವಳು ಭಾವನ ಕುರ್ಚಿಯ ಮುಂದೆ ಪುಟ್ಟ ಮೇಜು ತಂದಿಟ್ಟಳು. ಭಾವ ಕೈ ತೊಳೆದುಕೊಂಡು ಬಂದು ಕೂತರು. ಟ್ರ್ಯಾಕ್ಟರಿನ ಬಾನೆಟ್ ಸವರುವಾಗ ಅವರ ಮುಖ ಸ್ವಲ್ಪ ಅರಳಿತು, ಟೈರು ಹಿಚುಕಿ ಗಾಳಿ ಕಮ್ಮಿ ಎಂದು ತಮಾಷೆಯನ್ನೂ ಮಾಡಿದರು. ಆಮೇಲೆ ಬೆರಳು ಕೂರಿಗೆಗೆ ಬಂತು. ಹೋಯಿತು, ಬಂತು, ಇನ್ನೊಮ್ಮೆ ಹೋಯಿತು. ತಟ್ಟೆ ಯಾವುದು, ಕೊಳವೆ ಯಾವುದು ಎಂದು ಪುಟ್ಟಿ ಹೇಳುತ್ತಲೇ ಇದ್ದಳು. ಟಕ್ ಎಂದು ಒಂದು ಕೊಳವೆ ಮುರಿಯಿತು. ಭಾವ ಕೈ ಹಿಂದಕ್ಕೆ ತೆಗೆದುಕೊಂಡರು.

"ಇದು ಕಣ್ಣಿದ್ದೋರಿಗೆ ಮಾಡಿದ್ದು ಕಣೋ," ಎಂದರು. "ಚೆನ್ನಾಗೇ ಇರಬೇಕು. ನನ್ನ ಬೆರಳಿಗೆ ಮುಳ್ಳಿನ ಕಂತೆ ಅಷ್ಟೆ."

ಪುಟ್ಟಿ ಎದ್ದು ಅಡುಗೆಮನೆಗೆ ಹೋದಳು. ನಾನು ನನ್ನ ಕಲಾಕೃತಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮುಖ ಊದಿಸಿಕೊಂಡು ಮನೆಗೆ ಬಂದೆ.

ಬಂದವನು ಸುಮ್ಮನಿದ್ದೆನೇ? ಭಾವನ ಬೆರಳೆಲ್ಲ ದಡ್ಡುಗಟ್ಟಿದೆ, ನಾಜೂಕಿನ ಕೆಲಸ ಅದಕ್ಕೆ ಎಲ್ಲಿ ತಿಳಿಯಬೇಕು ಎಂದು ಹೆಂಡತಿಯ ಮುಂದೆ ಅರ್ಧ ಗಂಟೆ ಕೂಗಾಡಿದೆ. ಅವಳು ತರಕಾರಿ ಹೆಚ್ಚುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದಳು. "ಟ್ರ್ಯಾಕ್ಟರ್ ಅಳತೆ ತಗೊಂಡ್ರಿ, ಕೂರಿಗೆ ಅಳತೆ ತಗೊಂಡ್ರಿ. ಭಾವನ ಕೈ ಅಳತೆ ತಗೊಂಡ್ರಾ?"

ಮೂವತ್ತು ವರ್ಷ ಯಾವ ಗಿರಾಕಿಯೂ ನನ್ನ ಬಾಯಿ ಹೀಗೆ ಮುಚ್ಚಿಸಿರಲಿಲ್ಲ. ಊಟ ಮಾಡಿ ಶೆಡ್ಡಿನ ಬೀಗ ತೆಗೆದೆ.

ಬಿತ್ತನೆಗೆ ಆರು ದಿನ ಉಳಿದಿತ್ತು. ಹದಿನಾರನ್ನು ಗಾಳಿಗೆ ತೂರಿದೆ. ಟ್ರ್ಯಾಕ್ಟರೂ ಬೇಡ, ಎಂಟು ಸಾಲೂ ಬೇಡ. ಒಂದೇ ಒಂದು ಸಾಲು, ನಿಜದ ಅರ್ಧ ಗಾತ್ರಕ್ಕೆ. ಮುಂದೆ ಹುಲ್ಲು ಕತ್ತರಿಸುವ ಉಕ್ಕಿನ ತಟ್ಟೆ, ಅದರ ಹಿಂದೆ ಹೆಬ್ಬೆರಳು ತೂರುವಷ್ಟು ಕೊಳವೆ, ಕೊನೆಗೆ ಸೀಳಿದ ಮಣ್ಣನ್ನು ಒತ್ತಿ ಮುಚ್ಚುವ ಎರಡು ಗಾಲಿ. ತಳ್ಳಲು ಹಿಡಿ, ಭಾರಕ್ಕೆ ಹಳೆಯ ಗೇರ್ ಬಾಕ್ಸಿನ ತುಂಡು. ಬಣ್ಣ ಹೊಡೆಯಲಿಲ್ಲ. ಹಾಗೆ ಬೋಳಾಗಿ ಬಿಡಲು ನನ್ನ ಜೀವಕ್ಕೆ ಎಷ್ಟು ಕಷ್ಟವಾಯಿತೆಂದು ನನಗೇ ಗೊತ್ತು. ಮಾಡುತ್ತಾ ಇನ್ನೊಂದೂ ಗೊತ್ತಾಯಿತು. ಹದಿನೆಂಟು ದಿನ ನಾನು ಭಾವನಿಗಾಗಿ ದುಡಿದಿರಲಿಲ್ಲ, ನನ್ನ ಹೆಸರಿಗಾಗಿ ದುಡಿದಿದ್ದೆ. ಆ ನಾಚಿಕೆ ಕೈಗೆ ಇನ್ನಷ್ಟು ಚುರುಕು ಕೊಟ್ಟಿತು.

ಶನಿವಾರ ಬೆಳಿಗ್ಗೆ ಅದನ್ನು ಅಕ್ಕನ ಮನೆಗೆ ಒಯ್ದೆ. ನಾನು ಹೇಳಿ ಕಳಿಸಿದಂತೆ ಅಂಗಳದಲ್ಲಿ ಪುಟ್ಟಿ ಆಗಲೇ ಹೊಲದ ಮಣ್ಣು ತಂದು, ಎರಡು ಮಾರು ಉದ್ದಕ್ಕೆ ಹರಡಿ, ಮೇಲೆ ಹುಲ್ಲು ಹೊದಿಸಿದ್ದಳು. ಭಾವ ಮೊದಲು ಬರಲೊಲ್ಲೆ ಎಂದರು. ಕಡೆಗೆ ಅಕ್ಕನ ಕೈ ಹಿಡಿದು ಬಂದು ಬಾಗಿ ತಟ್ಟೆಯ ಅಂಚಿಗೆ ಹೆಬ್ಬೆರಳು ಸೋಕಿಸಿದರು, ಕೊಳವೆಯೊಳಗೆ ಬೆರಳು ತೂರಿಸಿದರು, ಗಾಲಿ ತಿರುಗಿಸಿದರು. ಹೂಂ ಎಂದರು. ಅದು ಹೊಗಳುವ ಹೂಂ ಅಲ್ಲ, ಈಗ ಸುಮ್ಮನಿರು ಎಂಬ ಹೂಂ. ಪುಟ್ಟಿ ಕೊಳವೆಗೆ ಕಾಳು ಹಾಕುತ್ತಾ ಬಂದಳು, ಅವರು ಹಿಡಿ ಹಿಡಿದು ಆ ತುದಿಯವರೆಗೆ ತಳ್ಳಿಕೊಂಡು ಹೋದರು.

ಆಮೇಲೆ ಮಂಡಿಯೂರಿ ಕೂತು ಸಾಲಿನುದ್ದಕ್ಕೂ ಬೆರಳಾಡಿಸಿದರು. ಹುಲ್ಲಿನ ಕೆಳಗೆ ಕೈಯಿಟ್ಟು ಅಲ್ಲೇ ಸ್ವಲ್ಪ ಹೊತ್ತು ಬಿಟ್ಟರು. ತಣ್ಣಗಿದೆ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಒಂದು ಕಾಳು ಸಿಕ್ಕಿತು, ಎರಡು ಗೆಣ್ಣಿನಷ್ಟು ಆಳದಲ್ಲಿ, ಮಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿತ್ತು. ಇನ್ನೊಂದು ಸಿಕ್ಕಿತು. ಮೂರನೆಯ ಕಡೆ ಭಾವನ ಬೆರಳು ನಿಂತುಬಿಟ್ಟಿತು.

"ಬಾ ಇಲ್ಲಿ. ಕೈ ಕೊಡು," ಎಂದರು.

ಮಗಳ ಬೆರಳನ್ನು ಹಿಡಿದು ಸೀಳಿನೊಳಗೆ ಇಳಿಸಿದರು. ಅಲ್ಲಿ ತಟ್ಟೆ ಹುಲ್ಲನ್ನು ಕತ್ತರಿಸಿರಲಿಲ್ಲ. ಮಡಚಿ ಒಳಕ್ಕೆ ತುರುಕಿತ್ತು. ಕಾಳು ಆ ಹುಲ್ಲಿನ ಮಡಿಕೆಯಲ್ಲಿ ಕೂತಿತ್ತು, ಮಣ್ಣೇ ತಾಗಿರಲಿಲ್ಲ. ಮಣ್ಣು ತಾಗದ ಕಾಳು ಮೊಳೆಯುವುದಾದರೂ ಹೇಗೆ? ನಿನ್ನ ಬೋಳು ಜಾಗಗಳೆಲ್ಲ ಇವೇ ಎಂದು ಭಾವ ಹೇಳಿದರು. ನಾನು ತಟ್ಟೆ ಮೊಂಡಾಗಿರಬೇಕೆಂದು ಬಾಯಿ ಹಾಕಿದೆ. ತಟ್ಟೆ ಚೆನ್ನಾಗಿದೆ, ನೀನು ಸುಮ್ಮನಿರು ಎಂದರು. ಒಂದು ಹಿಡಿ ಹುಲ್ಲು ಎತ್ತಿ ಮುರಿಯಲು ನೋಡಿದರು. ಅದು ಬಾಗಿತೇ ಹೊರತು ಮುರಿಯಲಿಲ್ಲ.

"ಇದನ್ನ ಯಾವಾಗ ತಂದೆ?"

"ಬೆಳಗ್ಗೆ ಆರಕ್ಕೆ."

"ಬಿತ್ತೋಕೂ ಅಷ್ಟೊತ್ತಿಗೇ ಹೋಗ್ತೀಯಾ?"

"ಇನ್ನೂ ಬೇಗ. ಐದೂವರೆಗೆ."

"ಇಬ್ಬನಿಯಲ್ಲಿ ನೆಂದ ಹುಲ್ಲು ಹಗ್ಗದ ಹಾಗಿರತ್ತೆ, ಅದನ್ನ ಯಾವ ತಟ್ಟೆ ಕತ್ತರಿಸತ್ತೆ? ಅಷ್ಟು ಬೇಗ ಹೋಗು ಅಂತ ಯಾರು ಹೇಳಿದ್ದು ನಿಂಗೆ?"

ಪುಟ್ಟಿ ಅಪ್ಪನ ಮುಖ ನೋಡಿದಳು.

"ನೀನೇ ಅಪ್ಪ," ಎಂದಳು. "ಸೂರ್ಯ ಹುಟ್ಟೋ ಮುಂಚೆ ಹೊಲದಲ್ಲಿರಬೇಕು ಅಂತ ನೀನೇ ಅಲ್ವಾ ಕಲಿಸಿದ್ದು."

ತಾನು ಕಲಿಸಿದ್ದನ್ನೆಲ್ಲ ಮಗಳು ಬಿಟ್ಟಳು ಎಂದು ಕೊರಗಿದ ಮನುಷ್ಯ ಭಾವ. ಅವಳು ಬಿಡದೆ ಉಳಿಸಿಕೊಂಡ ಮಾತೇ ಅವಳ ಬೆಳೆ ಕೆಡಿಸಿತ್ತು. ಕೈಯಲ್ಲಿದ್ದ ಹುಲ್ಲನ್ನು ಕೆಳಗಿಟ್ಟು ಅವರು ಮಗಳ ತಲೆಗಾಗಿ ಗಾಳಿಯಲ್ಲಿ ತಡಕಾಡಿದರು. ಅವಳೇ ಬಗ್ಗಿ ತಲೆ ಕೊಟ್ಟಳು. ನನಗೆ ಅಳು ಬಂತು, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ.

"ಉಳೋನಿಗೆ ಅದು ಸರಿ ಕಣೆ," ಎಂದರು. "ಇದಕ್ಕೆ ಬಿಸಿಲು ಬೇಕು. ಸೋಮವಾರ ಹತ್ತು ಗಂಟೆಗೆ ಹೋಗೋಣ. ಹುಲ್ಲು ಆರಿದೆಯೋ ಇಲ್ವೋ ನಾನು ಮುಟ್ಟಿ ಹೇಳ್ತೀನಿ. ಅಲ್ಲೀವರೆಗೂ ಇಂಜಿನ್ ಮುಟ್ಟಬೇಡ."

ಪಕ್ಕದವನಿಗೆ ಹೊಲ ಕೊಡುವುದಿಲ್ಲವೆಂದು ಇವತ್ತೇ ಹೇಳಿ ಕಳಿಸು ಎಂದು ಅಕ್ಕನಿಗೆ ಹೇಳಿದರು. ಅಕ್ಕನಿಗೆ ಆ ಮಾತು ಅರ್ಧ ಮಾತ್ರ ಕೇಳಿಸಿತೆಂದು ಕಾಣುತ್ತದೆ. ಅವಳು ಆಗಲೇ ಭಾವನ ಹೊಲದ ಬೂಟು ಹುಡುಕಲು ಒಳಗೆ ಓಡಿದ್ದಳು. ನಾಲ್ಕು ವರ್ಷದಿಂದ ಅದು ಎಲ್ಲಿ ಬಿದ್ದಿದೆಯೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.