ಚೂಟಿಗೊಂದು ತಗ್ಗಿನ ಟೇಬಲ್

ಬುಧವಾರ ಮಧ್ಯಾಹ್ನ ಸಿಬ್ಬಂದಿಗೆಲ್ಲ ತರಬೇತಿ ಇದೆ ಎಂದು ವಿಶ್ವವಿದ್ಯಾಲಯದ ಸುತ್ತೋಲೆ ಬಂದಾಗ ಕೆಮಿಸ್ಟ್ರಿ ಲ್ಯಾಬಿನ ಮೇಡಂಗೆ ಮೈ ಉರಿದುಹೋಯಿತು. ಅಂಗವೈಕಲ್ಯ ಇರುವ ವಿದ್ಯಾರ್ಥಿಗಳಿಗೆ ನೆರವಾಗುವುದು ಹೇಗೆ, ಎಲ್ಲರನ್ನೂ ಜೊತೆಗೆ ಕರೆದುಕೊಂಡು ಹೋಗುವುದು ಹೇಗೆ ಎನ್ನುವುದು ವಿಷಯ. ಪಾಠ ಮುಗಿದಿಲ್ಲ, ಪರೀಕ್ಷೆ ಹತ್ತಿರ ಬಂತು, ಗಾಜಿನ ಸಾಮಾನು ಅರ್ಧಕ್ಕರ್ಧ ಒಡೆದು ಕೂತಿದೆ. ಇದೊಂದು ಬಾಕಿ ಇತ್ತು ಎಂದು ಗೊಣಗಿಕೊಂಡರು.

ತರಬೇತಿ ಕೊಡುವವಳು ಬೇರೆ ಯಾರೂ ಅಲ್ಲ, ಮೇಡಂ ಜೊತೆಗೇ ಓದಿದ ಗೆಳತಿ. ಈಗ ವಿಶ್ವವಿದ್ಯಾಲಯದ ನೆರವು ವಿಭಾಗವನ್ನು ನೋಡಿಕೊಳ್ಳುತ್ತಿದ್ದಾಳೆ. ಕಾರಿಡಾರಿನಲ್ಲಿ ಎದುರಾದಾಗ ಮೇಡಂ ಸುಮ್ಮನೆ ಬಿಡಲಿಲ್ಲ.

"ನನಗೆ ಕರುಣೆ ಹೇಳ್ಕೊಡೋಕೆ ಬರ್ಬೇಡ ಕಣೇ. ನನ್ನ ಲ್ಯಾಬಲ್ಲಿ ವೀಲ್‌ಚೇರಲ್ಲಿ ಬರೋ ಹುಡುಗಿ ಒಬ್ಬಳಿದಾಳೆ. ಅವಳನ್ನ ಹೇಗೆ ನೋಡ್ಕೊಂಡಿದೀನಿ ಅಂತ ಬಂದು ನೋಡು."

"ಹಾಗಾದ್ರೆ ಅದನ್ನೇ ಎಲ್ಲರ ಮುಂದೆ ಹೇಳು ಬಾ" ಎಂದು ಗೆಳತಿ ನಗುತ್ತಾ ಮುಂದೆ ಹೋದಳು.

ಮೇಡಂ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆ ಹುಡುಗಿ ಬಲು ಚುರುಕು, ಅದಕ್ಕೇ ಗೆಳತಿಯರೆಲ್ಲ ಅವಳನ್ನು ಚೂಟಿ ಎನ್ನುತ್ತಿದ್ದರು. ಮೊದಲ ದಿನ ಅವಳು ಲ್ಯಾಬಿಗೆ ಬಂದಾಗ ಅಲ್ಲಿನ ಬೆಂಚು ಅವಳ ಗಲ್ಲದ ಮಟ್ಟಕ್ಕಿತ್ತು. ದ್ರಾವಣವನ್ನು ಹನಿಹನಿಯಾಗಿ ಬಿಡುವ ಬ್ಯೂರೆಟ್ ಎಂಬ ಉದ್ದನೆಯ ಗಾಜಿನ ಕೊಳವೆ ಅವಳ ತಲೆಗಿಂತಲೂ ಮೇಲಿತ್ತು. ಮೇಡಂಗೆ ನೋಡಲಾಗಲಿಲ್ಲ. ನೀನು ಕಷ್ಟಪಡಬೇಡ ಮಗಳೇ ಎಂದು ಗಾಳಿ ಬೆಳಕಿರುವ ಕಿಟಕಿಯ ಪಕ್ಕ ಜಾಗ ಮಾಡಿಕೊಟ್ಟರು. ಉಳಿದವರು ಪ್ರಯೋಗ ಮಾಡುವುದು, ಇವಳು ಅವರ ಅಳತೆಗಳನ್ನು ನೋಡಿ ಬರೆದುಕೊಳ್ಳುವುದು, ಮೇಡಂ ಕಣ್ಣು ಮುಚ್ಚಿ ಫುಲ್ ಮಾರ್ಕ್ಸ್ ಹಾಕುವುದು, ಹೀಗೇ ವರ್ಷ ಉರುಳಿತು.

ಬುಧವಾರ ಮೇಡಂ ಇದನ್ನೇ ಹೆಮ್ಮೆಯಿಂದ ಹೇಳಿದರು. ಸಭೆಯಲ್ಲಿದ್ದವರು ತಲೆದೂಗಿದರು. ಗೆಳತಿ ಪೂರ್ತಿ ಕೇಳಿಸಿಕೊಂಡಳು.

"ಒಳ್ಳೇ ಮನಸ್ಸಿಂದಾನೇ ಮಾಡಿದೀಯ. ಆದ್ರೆ ಇದು ಬೇಕಾ ಅಂತ ಅವಳನ್ನ ಒಂದ್ಸಲ ಕೇಳಿದ್ಯಾ?"

ಕೇಳುವುದೇನಿದೆ, ಕಣ್ಣಿಗೆ ಕಾಣಿಸುವುದಿಲ್ಲವೇ ಎಂದರು ಮೇಡಂ. ಗೆಳತಿ ವಾದಕ್ಕಿಳಿಯಲಿಲ್ಲ. ಎಲ್ಲರಿಗೂ ಒಂದೊಂದಾಗಿ ಬಿಡಿಸಿ ಹೇಳಿದಳು. ಕಣ್ಣು ಮಂಜಾದವರಿಗೆ ಪ್ರಶ್ನೆಪತ್ರಿಕೆಯಲ್ಲಿ ಅಕ್ಷರ ದಪ್ಪಗಿದ್ದರೆ ಸಾಕಾಗಬಹುದು. ಕಿವಿ ಕೇಳಿಸದವರಲ್ಲಿ ಕೆಲವರು ತುಟಿ ನೋಡಿ ಮಾತು ಹಿಡಿಯುತ್ತಾರೆ, ಅಂಥವರಿಗೆ ಬೋರ್ಡಿನ ಕಡೆ ತಿರುಗಿಕೊಂಡು ಪಾಠ ಮಾಡಿದರೆ ಏನೂ ತಿಳಿಯುವುದಿಲ್ಲ. ಕೆಲವರಿಗೆ ಸ್ವಲ್ಪ ಹೆಚ್ಚು ಸಮಯ ಬೇಕು. ಯಾರಿಗೆ ಏನು ಬೇಕೆಂದು ನಾವು ಊಹಿಸುತ್ತಾ ಕೂರಬೇಕಾಗಿಲ್ಲ, ಅವರಿಗೇ ಗೊತ್ತಿರುತ್ತದೆ. ಕೇಳುವುದಾದರೆ ಹತ್ತು ಜನರ ಮುಂದೆ ಕೇಳಬೇಡಿ, ಪಕ್ಕಕ್ಕೆ ಕರೆದು ಕೇಳಿ ಎಂದಳು.

ಮೇಡಂಗೆ ಇದೆಲ್ಲ ಅಷ್ಟಾಗಿ ರುಚಿಸಲಿಲ್ಲ. ಗೆಳತಿಯ ಮಾತು ಸುಳ್ಳು ಮಾಡಬೇಕು ಎಂದುಕೊಂಡೇ ಮರುದಿನ ಚೂಟಿಯನ್ನು ತಮ್ಮ ಕೋಣೆಗೆ ಕರೆದರು. ಕಿಟಕಿ ಪಕ್ಕ ಆರಾಮಾಗಿದೆ ತಾನೇ ಎಂದು ಕೇಳಿದರು. ಚೂಟಿ ಮಡಿಲಲ್ಲಿದ್ದ ಲ್ಯಾಬ್ ಪುಸ್ತಕವನ್ನು ತೆರೆದಳು, ಮುಚ್ಚಿದಳು, ಮತ್ತೆ ತೆರೆದು ಮಾರ್ಕ್ಸ್ ತೋರಿಸಿದಳು.

"ಬೇಜಾರು ಮಾಡ್ಕೋಬೇಡಿ ಮೇಡಂ. ಮಾರ್ಕ್ಸೆಲ್ಲ ಬಂದಿದೆ, ಆದ್ರೆ ಕೆಲಸ ಬಂದಿಲ್ಲ. ಪರೀಕ್ಷೆಗೆ ಹೊರಗಿನವರು ಬರ್ತಾರೆ. ಅವರ ಮುಂದೆ ನಾನು ಯಾರನ್ನ ನೋಡಿ ಬರ್ಕೊಳ್ಲಿ?"

ಊರಿನ ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಬೇಕೆಂಬುದು ಅವಳ ಆಸೆಯಂತೆ. ಕೈಯಾರೆ ಪ್ರಯೋಗ ಮಾಡಲು ಬಾರದವಳನ್ನು ಅಲ್ಲಿ ಯಾರು ಕರೆಯುತ್ತಾರೆ? ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ ಎಂದು ಮೇಡಂ ಕೇಳಿದ್ದಕ್ಕೆ, "ನೀವು ಅಷ್ಟು ಪ್ರೀತಿಯಿಂದ ಕೂರ್ಸಿದ್ರಿ. ಬೇಡ ಅನ್ನೋಕೆ ಮನಸ್ಸು ಬರ್ಲಿಲ್ಲ" ಎಂದಳು.

ಮೇಡಂಗೆ ನಾಚಿಕೆಯೂ ಸಂಕಟವೂ ಒಟ್ಟಿಗೇ ಆದವು. ನೆಟ್ಟಗೆ ನೆರವು ವಿಭಾಗಕ್ಕೆ ಹೋಗಿ ಗೆಳತಿಯ ಮುಂದೆ ಕುಸಿದು ಕೂತರು.

"ಅವಳ ಒಂದು ವರ್ಷಾನೇ ಹಾಳು ಮಾಡ್ಬಿಟ್ನಲ್ಲೇ."

"ಅಳೋದಾದ್ರೆ ಆಮೇಲೆ ಅಳುವೆಯಂತೆ. ಪರೀಕ್ಷೆಗೆ ಇನ್ನೂ ಟೈಮಿದೆ. ತಗ್ಗಿನ ಟೇಬಲ್ ಎಲ್ಲಾದ್ರೂ ಇದ್ಯಾ, ಅದು ಹೇಳು."

ಇತ್ತು. ಸ್ಟಾಫ್ ರೂಮಿನಲ್ಲಿ ಟೀ ಫ್ಲಾಸ್ಕು, ಲೋಟಗಳನ್ನು ಹೊತ್ತು ನಿಂತಿದ್ದ ಹಳೇ ಟೇಬಲ್. ಟೀ ಎಲ್ಲಿಡುವುದು ಎಂದು ಸಹೋದ್ಯೋಗಿಗಳು ಮುಖ ಊದಿಸಿಕೊಂಡರು, ಮೇಡಂ ಕ್ಯಾರೆ ಅನ್ನಲಿಲ್ಲ. ಮಂಡಿಗೆ ತಾಗುತ್ತಿದ್ದ ಡ್ರಾಯರನ್ನು ಬಡಗಿ ಬಿಚ್ಚಿ ತೆಗೆದ. ಆಸಿಡ್ ಮಡಿಲಿಗೆ ಚೆಲ್ಲಿದರೆ ಯಾರು ಹೊಣೆ ಎಂದು ಲ್ಯಾಬಿನ ಅಟೆಂಡರ್ ತಕರಾರು ತೆಗೆದ. ಅವನು ಹೇಳಿದ್ದು ನ್ಯಾಯವಾಗಿಯೇ ಇತ್ತು. ಅದನ್ನೂ ಚೂಟಿಯನ್ನೇ ಕೇಳಿದರು. ಮಡಿಲು ಪೂರ್ತಿ ಮುಚ್ಚುವಂಥ ದಪ್ಪನೆಯ ರಬ್ಬರ್ ಏಪ್ರನ್ ಕೊಡಿ, ಬಾಟಲಿಗಳನ್ನು ಅಂಚಿರುವ ಟ್ರೇನಲ್ಲಿಡಿ, ಸಾಕು ಎಂದಳು. ಸ್ಟ್ಯಾಂಡಿಗೆ ಬ್ಯೂರೆಟ್ ಸಿಕ್ಕಿಸಿ ಆ ಟೇಬಲಿನ ಮೇಲಿಟ್ಟಾಗ ಅಳತೆಯ ಗೆರೆಗಳು ಸರಿಯಾಗಿ ಅವಳ ಕಣ್ಣಿನ ನೇರಕ್ಕೆ ಬಂದವು.

ಮೊದಮೊದಲು ಸರಿಯಾದ ಹೊತ್ತಿಗೆ ಹನಿ ನಿಲ್ಲಿಸಲು ಬಾರದೆ, ಬ್ಯೂರೆಟ್ಟಿನ ಕೆಳಗೆ ಹಿಡಿದ ಗಾಜಿನ ಫ್ಲಾಸ್ಕಿನಲ್ಲಿ ತೆಳುಗುಲಾಬಿಯಾಗಬೇಕಿದ್ದ ದ್ರಾವಣ ಕಡುಗುಲಾಬಿಯಾಗುತ್ತಿತ್ತು. ಮೇಡಂ ಕೈ ಸುಮ್ಮನಿರುತ್ತಿರಲಿಲ್ಲ, ಫ್ಲಾಸ್ಕ್ ಹಿಡಿಯಲು ಮುಂದಾಗುತ್ತಿದ್ದರು. "ನೋಡ್ತಾ ಇರಿ ಮೇಡಂ, ಹಿಡೀಬೇಡಿ" ಎಂದು ಚೂಟಿ ತಡೆಯುತ್ತಿದ್ದಳು. ಊಟದ ವಿರಾಮದಲ್ಲೂ ಇಬ್ಬರದ್ದೂ ಅದೇ ಕೆಲಸವಾಯಿತು.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಸಾಧು ಸ್ವಭಾವದವರು. ವೀಲ್‌ಚೇರ್ ಕಂಡೊಡನೆ ಅವರೇ ಮೇಡಂನ ಪಕ್ಕಕ್ಕೆ ಕರೆದರು.

"ಪಾಪ, ಆ ಹುಡುಗೀನ ಯಾಕೆ ಗೋಳಾಡಿಸೋದು? ಅವಳ ಪಾಡಿಗೆ ಕೂತಿರ್ಲಿ, ಮಾರ್ಕ್ಸ್ ಹಾಕ್ಬಿಡೋಣ."

ಒಂದು ತಿಂಗಳ ಹಿಂದಾಗಿದ್ದರೆ ಮೇಡಂ ಅವರಿಗೆ ಕೈ ಮುಗಿಯುತ್ತಿದ್ದರು. ಈಗಲೂ ಒಂದು ಗಳಿಗೆ ಆಸೆಯಾಯಿತು. ಹೂಂ ಎಂದುಬಿಟ್ಟರೆ ಹುಡುಗಿ ಸಲೀಸಾಗಿ ಪಾಸಾಗುತ್ತಾಳೆ. ಬೇಡ ಎಂದರೆ ಫೇಲಾದರೂ ಆಗಬಹುದು, ಇನ್ನೊಂದು ವರ್ಷ ಹೋದರೂ ಹೋಗಬಹುದು.

"ಬೇಡ ಸಾರ್. ಉಳಿದವರನ್ನ ನೋಡಿದ ಹಾಗೇ ಅವಳನ್ನೂ ನೋಡಿ. ತಪ್ಪು ಮಾಡಿದ್ರೆ ಮಾರ್ಕ್ಸ್ ಕಳೀರಿ."

ಪರೀಕ್ಷಕರು ಹುಬ್ಬೇರಿಸಿ, ತಗ್ಗಿನ ಟೇಬಲಿನ ಎದುರು ಕುರ್ಚಿ ಎಳೆದುಕೊಂಡು ಕೂತರು. ಚೂಟಿ ಒಂದು ಕೈಯಲ್ಲಿ ಹನಿ ಬಿಡುವ, ನಿಲ್ಲಿಸುವ ಬ್ಯೂರೆಟ್ಟಿನ ಬಿರಡೆ ಹಿಡಿದು ಇನ್ನೊಂದರಲ್ಲಿ ಫ್ಲಾಸ್ಕ್ ಅಲ್ಲಾಡಿಸಿದಳು. ಹನಿ ಬಿತ್ತು, ಬಣ್ಣ ಬಂತು, ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಕೊನೆಯ ಹನಿಗೆ ತೆಳುಗುಲಾಬಿ ನಿಂತಿತು. ಅವಳು ಬಿರಡೆ ಮುಚ್ಚಿ, ಅಳತೆ ಓದಿ ಹೇಳಿದಳು. ಆಮೇಲೆ ಲೆಕ್ಕದಲ್ಲೊಂದು ಕಡೆ ಎಡವಿದಳು, ಪರೀಕ್ಷಕರು ಮುಲಾಜಿಲ್ಲದೆ ಮಾರ್ಕ್ಸ್ ಕಳೆದರು. ಚೂಟಿ ಪಾಸಾದಳು. ಹೊರಡುವಾಗ ಪರೀಕ್ಷಕರು ಮೇಡಂ ಬಳಿ ಬಂದು, ಆ ಟೇಬಲಿನ ಎತ್ತರ ಎಷ್ಟು ಹೇಳಿ, ನಮ್ಮ ಕಾಲೇಜಲ್ಲೂ ಒಬ್ಬ ಹುಡುಗನನ್ನು ಸುಮ್ಮನೆ ಕೂರಿಸಿದ್ದೇವೆ ಎಂದರು.

ಓದುತ್ತಿರುವ ಮೇಷ್ಟ್ರೇ, ಮೇಡಂ, ಆಫೀಸಿನ ಅಣ್ಣಂದಿರೇ, ಅಕ್ಕಂದಿರೇ, ನೀವು ಪ್ರೀತಿಯಿಂದಲೇ ಮೂಲೆಯಲ್ಲಿ ಕೂರಿಸಿಟ್ಟ ವಿದ್ಯಾರ್ಥಿಗಳು ಯಾರಾದರೂ ಇದ್ದಾರೆಯೇ? ಇದ್ದರೆ ನಾಳೆಯೇ ಪಕ್ಕಕ್ಕೆ ಕರೆದು, ಈ ಕೆಲಸ ನೀವೇ ಮಾಡಲು ಏನು ಬೇಕು ಎಂದು ಕೇಳಿ. ದಾರಿ ತೋಚದಿದ್ದರೆ ನೆರವು ವಿಭಾಗಕ್ಕೆ ಬನ್ನಿ, ಒಟ್ಟಿಗೇ ಹುಡುಕೋಣ. ಉತ್ತರ ತಡವಾಗಿ ಬಂದರೆ ಬೇಸರಿಸದೆ ಕಾಯಿರಿ. ಇಷ್ಟು ದಿನ ಅವರ ಪರವಾಗಿ ನಾವೇ ಮಾತಾಡಿದ್ದಾಯಿತು.